'71 ನೋಡಲಾ, ಶ್ಯಾಡೋ ಡ್ಯಾನ್ಸರ್ ನೋಡಲಾ?

ಎರಡೂ ಉತ್ತರ ಐರ್ಲೆಂಡಿನ ಸಂಘರ್ಷದ ಕಾಲದ ಥ್ರಿಲ್ಲರ್‌ಗಳೇ, ಎರಡೂ ಸುಮಾರು 100 ನಿಮಿಷ. ಆದರೆ ಗುಣ ಬೇರೆ.

ಯಾನ್ ಡೆಮಾಂಜ್ ನಿರ್ದೇಶನದ '71 (2014) ಉಸಿರಾಡೋಕೂ ಬಿಡುವುದಿಲ್ಲ. 1971ರ ಬೆಲ್‌ಫಾಸ್ಟ್. ಬ್ರಿಟಿಷ್ ಸೈನಿಕರು ಬಂದ ಕೂಡಲೇ ಹೆಂಗಸರು ಕಸದ ಡಬ್ಬಿಯ ಮುಚ್ಚಳಗಳನ್ನು ನೆಲಕ್ಕೆ ಬಡಿಯುತ್ತಾರೆ. ಆ ಸದ್ದು ಕಿವಿಯಲ್ಲೇ ಉಳಿಯುತ್ತದೆ. ಗಲಾಟೆಯಲ್ಲಿ ಎಳೆಯ ಸೈನಿಕನೊಬ್ಬ ಹಿಂದೆ ಉಳಿದುಬಿಡುತ್ತಾನೆ. ಆಮೇಲೆ ಕತ್ತಲು, ಗಲ್ಲಿ, ಓಟ. ಯಾರು ಯಾರ ಕಡೆ ಅಂತ ಅವನಿಗೂ ಗೊತ್ತಾಗುವುದಿಲ್ಲ, ನಮಗೂ.

ಜೇಮ್ಸ್ ಮಾರ್ಷ್ ಅವರ ಶ್ಯಾಡೋ ಡ್ಯಾನ್ಸರ್ (2012) ನಿಧಾನವಾಗಿ ಕುದಿಯುತ್ತದೆ. 1973ರಲ್ಲಿ ಅಪ್ಪ ಸಿಗರೇಟು ತಾ ಎಂದಾಗ ಹುಡುಗಿ ತಮ್ಮನನ್ನು ಕಳಿಸುತ್ತಾಳೆ. ಅವನು ಗುಂಡೇಟಿಗೆ ಸಾಯುತ್ತಾನೆ. ಇಪ್ಪತ್ತು ವರ್ಷದ ನಂತರ ಅವಳು ಬ್ರಿಟಿಷ್ ಆಳ್ವಿಕೆ ವಿರುದ್ಧ ಹೋರಾಡುವ ಸಶಸ್ತ್ರ ಗುಂಪಾದ ಐಆರ್‌ಎ ಕೆಲಸಕ್ಕೆ ಲಂಡನ್ನಿಗೆ ಹೋಗಿ ಸಿಕ್ಕಿಬೀಳುತ್ತಾಳೆ. ಜೈಲಿಗೆ ಹೋಗಬೇಕು, ಇಲ್ಲವೇ ಬ್ರಿಟಿಷರ ಪರವಾಗಿ ಒಡಹುಟ್ಟಿದವರ ಮೇಲೆಯೇ ಗೂಢಚಾರಿಕೆ ಮಾಡಬೇಕು. ಮನೆಯಲ್ಲಿ ಪುಟ್ಟ ಮಗ ಬೇರೆ.

ಊಟ ಮುಗಿಸಿ ಕಣ್ಣು ಎಳೆಯುತ್ತಿದ್ದರೆ '71 ಹಾಕಿ. ನನಗೆ ಎರಡನೆಯದೇ ಜಾಸ್ತಿ ಇಷ್ಟ. ನಾಯಕಿಯಾಗಿ ಆಂಡ್ರಿಯಾ ರೈಸ್‌ಬರೊ ಮಾತಾಡುವುದೇ ಕಡಿಮೆ, ಎಲ್ಲಾ ಮುಖದಲ್ಲೇ. ಫೋನ್ ಮಾತ್ರ ದೂರ ಇಡಿ. ಸಬ್‌ಟೈಟಲ್ ಎರಡಕ್ಕೂ ಬೇಕು, ಬೆಲ್‌ಫಾಸ್ಟ್ ಇಂಗ್ಲಿಷ್ ಅಷ್ಟು ಸುಲಭಕ್ಕೆ ಕಿವಿಗೆ ಹತ್ತಲ್ಲ.