ಎಕ್ಸೆಲ್ ಫೈಲು ಜಿಪ್ ಆಗಿ ಇಳಿಯುತ್ತಿದೆಯೇ? ಫೋನನ್ನೂ ನುಡಿ ಫಾಂಟನ್ನೂ ದೂರುವ ಮೊದಲು ಸರ್ವರಿನ ಮೈಮ್ ಟೈಪ್ ನೋಡಿ

ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದ ವೆಬ್‌ಸೈಟನ್ನು ವಿಂಡೋಸ್ ಹೋಸ್ಟಿಂಗಿನಿಂದ ಲಿನಕ್ಸ್ ಸರ್ವರಿಗೆ ಸಾಗಿಸಿದ ಮೇಲೆ ಆದ ಅನಾಹುತ ಇದು. ಹರಿಹರ, ಜಗಳೂರು, ಹೊನ್ನಾಳಿ ಶಾಖೆಯವರು ತಿಂಗಳ ವಸೂಲಿ ತಖ್ತೆಯ ಎಕ್ಸೆಲ್ ನಮೂನೆಯನ್ನು ಸೈಟಿನಿಂದ ಇಳಿಸಿಕೊಂಡು, ತುಂಬಿ, ಮತ್ತೆ ಅಲ್ಲಿಗೇ ಏರಿಸಬೇಕಿತ್ತು. ಸೈಟು ಬದಲಾದ ಕೂಡಲೇ ಒಬ್ಬರ ಫೋನಿನಲ್ಲಿ ನಮೂನೆ ಜಿಪ್ ಆಗಿ ಬಂತು, ಇನ್ನೊಬ್ಬರಿಗೆ ಬಿನ್ ಎಂಬ ಬಾಲ (ಹೆಸರಿನ ಕೊನೆಯ ಚುಕ್ಕೆಯ ನಂತರದ ಭಾಗ) ಹೊತ್ತು ಬಂತು, ಕಚೇರಿಯ ಕಂಪ್ಯೂಟರಿನಲ್ಲಿ ಪರದೆ ತುಂಬ ಚೆಲ್ಲಾಪಿಲ್ಲಿ ಅಕ್ಷರ. ಜಿಪ್ ಬಿಚ್ಚಿದ ಗುಮಾಸ್ತರಿಗೆ ಸಿಕ್ಕಿದ್ದು ಹಾಳೆಯಲ್ಲ, ಒಂದಷ್ಟು ಎಕ್ಸ್‌ಎಂಎಲ್ ಕಡತಗಳು. ಕೆಲವರು ವೈರಸ್ ಎಂದು ಅಳಿಸಿದರು. ಕೆಲವರು ಹಳೆಯ ತಿಂಗಳ ನಮೂನೆಯಲ್ಲೇ ತುಂಬಿ ಕಳಿಸಿದರು, ಅದರಲ್ಲಿ ಹೊಸ ಕಾಲಂಗಳೇ ಇರಲಿಲ್ಲ.

ಫೈಲು ಕೆಟ್ಟಿರಲೇ ಇಲ್ಲ. ಸರ್ವರ್ ಅದರ ಮೇಲೆ ಅಂಟಿಸಿದ ಚೀಟಿ ತಪ್ಪಾಗಿತ್ತು.

ಆ ಚೀಟಿಯೇ ಕಂಟೆಂಟ್-ಟೈಪ್ ಹೆಡರ್, ಅಂದರೆ ಫೈಲಿನ ಜೊತೆ ಸರ್ವರ್ ಕಳಿಸುವ ಮಾಹಿತಿಯ ಸಾಲು; ಫೈಲು ಯಾವ ಬಗೆಯದೆಂದು ಅದರಲ್ಲಿ ಹೇಳುವ ಹೆಸರೇ ಮೈಮ್ ಟೈಪ್. ಒಂದು ಕಂಪನಿಯ ಸಾಫ್ಟ್‌ವೇರಿಗೆ ಸೇರಿದ ಫೈಲುಗಳ ಟೈಪಿನಲ್ಲಿ ಓರೆಗೆರೆಯ ನಂತರದ ಭಾಗ ವಿಎನ್‌ಡಿ ಎಂದು ಶುರುವಾಗುತ್ತದೆ. ಈ ಹೆಸರುಗಳ ಅಧಿಕೃತ ಪಟ್ಟಿ ಇರುವುದು ಅಂತರ್ಜಾಲದ ಹೆಸರು-ಸಂಖ್ಯೆಗಳ ನೋಂದಣಿ ನೋಡಿಕೊಳ್ಳುವ ಐಎಎನ್‌ಎ ಬಳಿ, ನೋಂದಣಿಯ ಈಗಿನ ನಿಯಮ ಇರುವುದು 2013ರ ಅಂತರ್ಜಾಲ ಮಾನದಂಡ ದಾಖಲೆ ಆರ್‌ಎಫ್‌ಸಿ 6838. ಹಳೆಯ ಎಕ್ಸ್‌ಎಲ್‌ಎಸ್‌ಗೆ ಅಪ್ಲಿಕೇಶನ್/ವಿಎನ್‌ಡಿ.ಎಂಎಸ್-ಎಕ್ಸೆಲ್. ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್‌ಗೆ ಅದಲ್ಲ, ಅಪ್ಲಿಕೇಶನ್/ವಿಎನ್‌ಡಿ.ಓಪನ್‌ಎಕ್ಸ್‌ಎಂಎಲ್‌ಫಾರ್ಮ್ಯಾಟ್ಸ್-ಆಫೀಸ್‌ಡಾಕ್ಯುಮೆಂಟ್.ಸ್ಪ್ರೆಡ್‌ಶೀಟ್‌ಎಂಎಲ್.ಶೀಟ್ ಎಂಬ ಉದ್ದನೆಯದು. ಕೈಯಿಂದ ಟೈಪ್ ಮಾಡಬೇಡಿ, ಐಎಎನ್‌ಎ ಪಟ್ಟಿಯಿಂದಲೇ ನಕಲು ಮಾಡಿ. ಒಂದು ಚುಕ್ಕೆ ಅತ್ತಿತ್ತ ಆದರೂ ಅದು ಯಾರಿಗೂ ಗೊತ್ತಿಲ್ಲದ ಟೈಪು. ಪಿಗ್ಮಿ ಏಜೆಂಟರ ಆ್ಯಪನ್ನು ಸೈಟಿನಿಂದಲೇ ಕೊಡುವ ಸಂಘಗಳು ಎಪಿಕೆಗೆ ಅಪ್ಲಿಕೇಶನ್/ವಿಎನ್‌ಡಿ.ಆಂಡ್ರಾಯ್ಡ್.ಪ್ಯಾಕೇಜ್-ಆರ್ಕೈವ್ ಎಂದು ಕೊಡಬೇಕು.

ಜಿಪ್ ಆಗಿದ್ದೇಕೆ? ಎಕ್ಸ್‌ಎಲ್‌ಎಸ್‌ಎಕ್ಸ್, ವರ್ಡಿನ ಡಾಕ್‌ಎಕ್ಸ್, ಎಪಿಕೆ ಎಲ್ಲವೂ ಒಳಗಿನಿಂದ ನಿಜಕ್ಕೂ ಜಿಪ್ ಫೈಲುಗಳೇ. ಮೊದಲ ಎರಡು ಅಕ್ಷರ ಪಿಕೆ, ಅಂದರೆ ಜಿಪ್ ರೂಪಿಸಿದ ಫಿಲ್ ಕಾಟ್ಸ್ ಅವರ ಇನಿಷಿಯಲ್. ಸರ್ವರ್ ಸರಿಯಾದ ಟೈಪು ಹೇಳದಿದ್ದರೆ, ಕೊಂಡಿಯಲ್ಲೂ ಫೈಲಿನ ಹೆಸರಿಲ್ಲದೆ ಬರೀ ಡೌನ್‌ಲೋಡ್/14 ಎಂದಿದ್ದರೆ, ಫೋನು ಒಳಗೆ ಇಣುಕಿ ನೋಡಿ ಜಿಪ್ ಎನ್ನುತ್ತದೆ, ಇಲ್ಲವೇ ಏನೂ ತಿಳಿಯದೆ ಬಿನ್ ಎಂದು ಹೆಸರಿಡುತ್ತದೆ. ಅದಕ್ಕೇ ಸರ್ವರಿನಲ್ಲಿ ಓಡುವ ಪಿಎಚ್‌ಪಿ ಸ್ಕ್ರಿಪ್ಟಿನಿಂದ ಫೈಲು ಕೊಡುವವರು ಟೈಪಿನ ಜೊತೆ ಕಂಟೆಂಟ್-ಡಿಸ್ಪೊಸಿಶನ್ ಹೆಡರಿನಲ್ಲಿ ಹೆಸರನ್ನೂ ಬಾಲಸಮೇತ ಕಳಿಸಬೇಕು. ಹೆಸರು ಕನ್ನಡದಲ್ಲಿದ್ದರೆ ಬರೀ ಫೈಲ್‌ನೇಮ್ ಸಾಲದು, ನಕ್ಷತ್ರ ಚಿಹ್ನೆಯ ಫೈಲ್‌ನೇಮ್* ಬೇಕು, ಅದರಲ್ಲಿ ಹೆಸರು ಯುಟಿಎಫ್-8ರ ಪರ್ಸೆಂಟ್ ರೂಪದಲ್ಲಿರಬೇಕು. ಸ್ಕ್ರಿಪ್ಟಿನ ಆರಂಭದಲ್ಲಿ, ಪಿಎಚ್‌ಪಿ ಗುರುತಿಗಿಂತ ಮೊದಲು ಒಂದು ಖಾಲಿ ಸಾಲು ಉಳಿದರೂ ಅದು ಫೈಲಿನ ತಲೆಗೆ ಸೇರಿಕೊಳ್ಳುತ್ತದೆ. ಆಗ ಟೈಪು ಸರಿಯಿದ್ದರೂ ಎಕ್ಸೆಲ್ ಫೈಲು ಕೆಟ್ಟಿದೆ ಎನ್ನಬಹುದು.

ಪರದೆಯ ಮೇಲಿನ ಚೆಲ್ಲಾಪಿಲ್ಲಿ ಅಕ್ಷರದ ಕಥೆ ಬೇರೆ, ಹೆಚ್ಚು ಕಾಲ ಹಾಳಾಗಿದ್ದೂ ಅದರಿಂದಲೇ. ನಮ್ಮ ಕಚೇರಿಗಳಲ್ಲಿ ಹಳೆಯ ಕಡತಗಳು ನುಡಿ ಫಾಂಟಿನಲ್ಲಿವೆ, ಹೀಗಾಗಿ ಅಕ್ಷರ ಕೆಟ್ಟರೆ ಎಲ್ಲರ ಬೆರಳು ಮೊದಲು ಹೋಗುವುದು ನುಡಿಯ ಕಡೆಗೆ. ಇಲ್ಲೂ ಶಾಖೆಯಿಂದ ಶಾಖೆಗೆ ನುಡಿ ಮರುಸ್ಥಾಪನೆ ನಡೆಯಿತು, ಏನೂ ಬದಲಾಗಲಿಲ್ಲ. ವ್ಯತ್ಯಾಸ ಗುರುತಿಸುವುದು ಸುಲಭ. ಫಾಂಟ್ ಇಲ್ಲದಾಗ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀಟು ಚುಕ್ಕೆಗಳು ಕಾಣುತ್ತವೆ. ಪದಗಳ ನಡುವಿನ ಜಾಗ ಇದ್ದಲ್ಲೇ ಇರುತ್ತದೆ. ಮೈಮ್ ತಪ್ಪಿದಾಗ ಸಾಲೂ ಇಲ್ಲ, ಪದವೂ ಇಲ್ಲ; ಶುರುವಿನಲ್ಲೇ ಪಿಕೆ, ಆಮೇಲೆ ಚೌಕ ಮತ್ತು ಪ್ರಶ್ನೆಚಿಹ್ನೆಗಳ ರಾಶಿ.

ಕಾರಣ ಇದ್ದದ್ದು ಸೈಟಿನ ವೆಬ್ ಸರ್ವರ್ ಸಾಫ್ಟ್‌ವೇರಾದ ಎಂಜಿನ್‌ಎಕ್ಸ್ ಕಾನ್ಫಿಗಿನಲ್ಲಿ. ಮ್ಯಾಕ್ರೋ ಇರುವ ಎಕ್ಸ್‌ಎಲ್‌ಎಸ್‌ಎಂ ಫೈಲಿಗಾಗಿ ಸೈಟಿನ ಒಂದು ಭಾಗಕ್ಕಷ್ಟೇ ಅನ್ವಯಿಸುವ ಲೊಕೇಶನ್ ಬ್ಲಾಕಿನೊಳಗೆ, ಯಾವ ಬಾಲಕ್ಕೆ ಯಾವ ಟೈಪು ಎಂದು ಹೇಳುವ ಒಂದು ಪುಟ್ಟ ಟೈಪ್ಸ್ ಬ್ಲಾಕ್ ಸೇರಿಸಿದ್ದರು. ಅದು ಮೇಲಿನ ಪಟ್ಟಿಗೆ ಸೇರುತ್ತದೆ ಎಂದುಕೊಳ್ಳುವುದು ಸಹಜ, ಆದರೆ ಹಾಗಲ್ಲ: ಒಳಗಿನ ಟೈಪ್ಸ್ ಬ್ಲಾಕ್ ಮೇಲಿನ ಇಡೀ ಪಟ್ಟಿಯನ್ನು ಆ ಜಾಗದ ಮಟ್ಟಿಗೆ ಅಳಿಸಿಹಾಕುತ್ತದೆ. ಜೊತೆಗೆ ಡಿಫಾಲ್ಟ್_ಟೈಪ್ ಸಾಲೂ ಬಿಟ್ಟುಹೋಗಿತ್ತು. ಆ ಸಾಲಿಲ್ಲದಿದ್ದರೆ ಎಂಜಿನ್‌ಎಕ್ಸ್ ತನಗೆ ತಿಳಿಯದ ಫೈಲನ್ನೆಲ್ಲ ಟೆಕ್ಸ್ಟ್/ಪ್ಲೇನ್ ಎನ್ನುತ್ತದೆ. ಅದರ ಮೇಲೆ ಭದ್ರತೆಗೆಂದು ಹಾಕಿದ ನೋಸ್ನಿಫ್ ಹೆಡರ್, ಸರ್ವರ್ ಹೇಳಿದ್ದನ್ನೇ ನಂಬು ಎಂದು ಬ್ರೌಸರಿಗೆ ಆಜ್ಞೆ ಮಾಡಿತು. ಬ್ರೌಸರ್ ವಿಧೇಯವಾಗಿ ಎಕ್ಸೆಲ್ ಫೈಲನ್ನು ಪಠ್ಯವೆಂದು ತೋರಿಸಿತು. ನೋಸ್ನಿಫ್ ತೆಗೆದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಅದು ಇರಲೇಬೇಕು, ತಿದ್ದಬೇಕಾದ್ದು ಟೈಪು.

ಸರಿಯಾದ ದಾರಿ: ಹೊಸ ಟೈಪನ್ನು ಮುಖ್ಯ ಮೈಮ್.ಟೈಪ್ಸ್ ಫೈಲಿನಲ್ಲೇ ಸೇರಿಸಿ, ಡಿಫಾಲ್ಟ್ ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್ ಇರಲಿ, ಎಂಜಿನ್‌ಎಕ್ಸ್ -ಟಿ ಎಂದು ಕೊಟ್ಟು ಕಾನ್ಫಿಗ್ ಪರೀಕ್ಷಿಸಿ, ಆಮೇಲೆ ರೀಲೋಡ್ ಮಾಡಿ. ಅಪಾಚೆ ಸರ್ವರಿನಲ್ಲಿ ಎಚ್‌ಟಿ‌ಆ್ಯಕ್ಸೆಸ್‌ನ ಆಡ್‌ಟೈಪ್ ಸಾಲು ಸಾಕು, ಆದರೆ ಆ ಫೋಲ್ಡರಿಗೆ ಅಲೋಓವರ್‌ರೈಡ್ ಫೈಲ್‌ಇನ್ಫೋ ಅನುಮತಿ ಇರಬೇಕು. ವಿಂಡೋಸಿನ ಐಐಎಸ್ ಸರ್ವರ್ ತನಗೆ ಗೊತ್ತಿಲ್ಲದ ಬಾಲದ ಫೈಲನ್ನು ಕೊಡುವುದೇ ಇಲ್ಲ, 404.3 ತೋರಿಸುತ್ತದೆ. ಅಲ್ಲಿ ವೆಬ್.ಕಾನ್ಫಿಗ್‌ನಲ್ಲಿ ಮೈಮ್‌ಮ್ಯಾಪ್ ಸೇರಿಸುವ ಮೊದಲು ಅದೇ ಬಾಲಕ್ಕೆ ರಿಮೂವ್ ಸಾಲು ಹಾಕಿ. ಈಗಾಗಲೇ ಇದ್ದದ್ದು ಎರಡನೇ ಸಲ ಬಂದರೆ 500.19 ದೋಷ ಬರುತ್ತದೆ.

ಏರಿಸುವ ಕಡೆಯೂ ಎಡವುವ ಜಾಗ ಒಂದಿದೆ. ಎಕ್ಸೆಲ್ ಇರುವ ವಿಂಡೋಸ್ ಕಂಪ್ಯೂಟರಿನಿಂದ ತುಂಬಿದ ತಖ್ತೆಯನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರೀ ಪಠ್ಯ) ಆಗಿ ಏರಿಸಿದರೆ ಬ್ರೌಸರ್ ಅದನ್ನು ಟೆಕ್ಸ್ಟ್/ಸಿಎಸ್‌ವಿ ಎನ್ನದೆ ಅಪ್ಲಿಕೇಶನ್/ವಿಎನ್‌ಡಿ.ಎಂಎಸ್-ಎಕ್ಸೆಲ್ ಎನ್ನುವುದುಂಟು, ಏಕೆಂದರೆ ವಿಂಡೋಸ್ ರಿಜಿಸ್ಟ್ರಿಯಲ್ಲಿ ಹಾಗೆ ಬರೆದಿರುತ್ತದೆ. ಸಂಘದ ಸೈಟು ಟೆಕ್ಸ್ಟ್/ಸಿಎಸ್‌ವಿ ಮಾತ್ರ ಒಪ್ಪುತ್ತಿದ್ದರಿಂದ ಸರಿಯಾಗಿ ತುಂಬಿದ ತಖ್ತೆಗಳೂ ತಿರಸ್ಕೃತವಾದವು. ಬ್ರೌಸರ್ ಹೇಳಿದ ಟೈಪನ್ನು ನೆಚ್ಚಿ ಒಪ್ಪುವುದೂ ತಪ್ಪು, ತಿರಸ್ಕರಿಸುವುದೂ ತಪ್ಪು. ಬಾಲ ನೋಡಿ, ಫೈಲನ್ನು ನಿಜವಾಗಿ ತೆರೆದು ಓದಲು ಪ್ರಯತ್ನಿಸಿ, ಕಾಲಂ ಶೀರ್ಷಿಕೆ ಹೊಂದಿದರೆ ಒಪ್ಪಿ.

ತಿದ್ದಿದ ಮೇಲೆ ಬ್ರೌಸರಿನಲ್ಲಿ ನೋಡಿ ತೀರ್ಮಾನಕ್ಕೆ ಬರಬೇಡಿ, ಕರ್ಲ್ ಎಂಬ ಕಮಾಂಡಿಗೆ -ಐ (ದೊಡ್ಡಕ್ಷರದ್ದು) ಕೊಟ್ಟು ಹೆಡರನ್ನೇ ಓದಿ. ಸ್ಕ್ರಿಪ್ಟುಗಳು ಬರೀ ಹೆಡರ್ ಕೇಳಿದಾಗ ಒಂದು, ಪೂರ್ತಿ ಫೈಲು ಕೇಳಿದಾಗ ಇನ್ನೊಂದು ಉತ್ತರ ಕೊಡಬಹುದು, ಆದ್ದರಿಂದ ಪೂರ್ತಿ ಇಳಿಸಿಯೂ ನೋಡಿ. ಸರ್ವರ್ ಸರಿಯಾದ ಮೇಲೂ ಕೆಲವು ಶಾಖೆಗಳಲ್ಲಿ ಹಳೆಯ ತೊಂದರೆ ಮುಂದುವರಿದಿತ್ತು. ಫೈಲು ಬದಲಾಗಿಲ್ಲವಾದ್ದರಿಂದ ಸರ್ವರ್ 304 ಎಂದಷ್ಟೇ ಉತ್ತರಿಸುತ್ತಿತ್ತು, ಬ್ರೌಸರ್ ಹಳೆಯ ಟೈಪನ್ನೇ ಇಟ್ಟುಕೊಂಡಿತ್ತು. ನಮೂನೆಯ ಹೆಸರು ಬದಲಿಸಿ ಹೊಸ ಕೊಂಡಿ ಕೊಟ್ಟ ಮೇಲೆ ಎಲ್ಲ ಶಾಖೆಗಳಲ್ಲೂ ಅದು ಎಕ್ಸೆಲ್‌ನಲ್ಲೇ ತೆರೆಯಿತು. ನಡುವೆ ಸಿಡಿಎನ್ (ಫೈಲುಗಳ ನಕಲಿಟ್ಟು ಹತ್ತಿರದಿಂದ ಕೊಡುವ ಸರ್ವರ್ ಜಾಲ) ಇದ್ದರೆ ಅದರ ಕ್ಯಾಶನ್ನೂ ಖಾಲಿ ಮಾಡಿಸಿ.