ಪ್ರತಿಕಾಯ ತಯಾರಿಸಿಕೊಡುವ ಸೇವೆ: ಬೆಸುಗೆ ಚೆನ್ನ, ಆಯ್ಕೆ ಸಾಲದು

ಜರಾಯುವಿನ ಕ್ಯಾನ್ಸರ್ ಗಡ್ಡೆಯಾದ ಕೋರಿಯೋಕಾರ್ಸಿನೋಮದ ಕೋಶಗಳನ್ನು ಗುರುತಿಸುವ ಮೊನೋಕ್ಲೋನಲ್ ಪ್ರತಿಕಾಯಗಳು (ಒಂದೇ ಕೋಶದ ಸಂತತಿ ತಯಾರಿಸುವ, ಒಂದೇ ಗುರಿಗೆ ಅಂಟುವ ಪ್ರೋಟೀನುಗಳು) ನಮ್ಮ ಪ್ರಯೋಗಾಲಯಕ್ಕೆ ಬೇಕಾಗಿದ್ದವು. ಇಲಿ ಸಾಕುವ ವ್ಯವಸ್ಥೆ ನಮ್ಮಲ್ಲಿಲ್ಲದ ಕಾರಣ ಕೆಲಸವನ್ನು ಹೊರಗಿನ ಸಂಸ್ಥೆಯೊಂದಕ್ಕೆ ಒಪ್ಪಿಸಿದೆವು. ಅದರ ಹೆಸರು ಇಲ್ಲಿ ಬೇಡ.

ಹೈಬ್ರಿಡೋಮ, ಅಂದರೆ ಪ್ರತಿಕಾಯ ತಯಾರಿಸುವ ಬೆಸೆದ ಕೋಶಗಳನ್ನು, ಮಾಡುವ ಕೈಚಳಕದಲ್ಲಿ ಅವರನ್ನು ದೂರುವಂತಿಲ್ಲ. ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ತೋರಿಸಿಕೊಟ್ಟ ವಿಧಾನವನ್ನೇ ಅವರು ಅನುಸರಿಸಿದರು: ನಾವು ಕಳಿಸಿದ ಜೆಇಜಿ-3 ಎಂಬ ಕೋರಿಯೋಕಾರ್ಸಿನೋಮ ತಳಿಯ ಕೋಶಗಳನ್ನು ಇಲಿಗೆ ಚುಚ್ಚಿ, ಅದರ ಗುಲ್ಮದ ಪ್ರತಿಕಾಯ ಮಾಡುವ ಕೋಶಗಳನ್ನು ಕೊನೆಯಿಲ್ಲದೆ ಬೆಳೆಯುವ ಮೈಲೋಮ ಎಂಬ ಕ್ಯಾನ್ಸರ್ ಕೋಶಗಳೊಂದಿಗೆ ಬೆಸೆದು, ಬೆಸೆಯದೆ ಉಳಿದ ಮೈಲೋಮ ಸಾಯುವಂಥ ಹ್ಯಾಟ್ ಮಾಧ್ಯಮದಲ್ಲಿ ಬೆಳೆಸಿದರು. ಅವರು ಆಗಾಗ ಕಳಿಸುತ್ತಿದ್ದ ಚಿತ್ರಗಳಲ್ಲಿ 96 ಗುಳಿಗಳ ತಟ್ಟೆಯ ಕೆಂಪು ದ್ರವ ಅಲ್ಲೊಂದು ಇಲ್ಲೊಂದು ಗುಳಿಯಲ್ಲಿ ಹಳದಿಗೆ ತಿರುಗುವುದನ್ನು, ಅಂದರೆ ಕೋಶಗಳು ಕುದುರಿಕೊಂಡದ್ದನ್ನು, ನಾವು ಕೂತಲ್ಲೇ ನೋಡುತ್ತಿದ್ದೆವು.

ಎಡವಿದ್ದು ಆಯ್ಕೆಯಲ್ಲಿ. ಇಡೀ ಕೋಶವನ್ನೇ ಚುಚ್ಚಿದಾಗ ಇಲಿಯು ಗಡ್ಡೆಯ ಗುರುತುಗಳಿಗಷ್ಟೇ ಅಲ್ಲ, ಮನುಷ್ಯನ ಬಹುಪಾಲು ಕೋಶಗಳ ಮೇಲಿರುವ ಪ್ರೋಟೀನುಗಳಿಗೂ, ಕೃಷಿ ಮಾಧ್ಯಮದಿಂದ ಅಂಟಿಕೊಂಡುಬಂದ ಕರುವಿನ ಸೀರಮ್ಮಿಗೂ ಪ್ರತಿಕಾಯ ಮಾಡುತ್ತದೆ. ಹಾಗಿದ್ದೂ ಸಂಸ್ಥೆಯು ಜೆಇಜಿ-3 ಕೋಶಗಳ ಮೇಲಿನ, ಪ್ರತಿಕಾಯ ಅಂಟಿದರೆ ಬಣ್ಣ ಬರುವ ಎಲಿಸಾ ಪರೀಕ್ಷೆಯೊಂದನ್ನೇ ನಂಬಿ, ಹೆಚ್ಚು ಬಣ್ಣ ಕೊಟ್ಟ ತದ್ರೂಪಿಗಳನ್ನು (ಒಂದೊಂದೂ ಒಂದೇ ಕೋಶದಿಂದ ಬೆಳೆದ ಸಂತತಿ) ಆರಿಸಿ ಕಳಿಸಿತು. ಅವುಗಳಲ್ಲಿ ಮೊದಲ ಸ್ಥಾನ ಪಡೆದದ್ದು ಕೋಶಗಳನ್ನು ಒಂದೊಂದಾಗಿ ಅಳೆಯುವ ನಮ್ಮ ಫ್ಲೋ ಸೈಟೋಮೆಟ್ರಿಯಲ್ಲಿ ಸಾಮಾನ್ಯ ಬಿಳಿ ರಕ್ತಕಣಗಳಿಗೂ ಅಷ್ಟೇ ಬಿಗಿಯಾಗಿ ಅಂಟಿತು. (ಜರಾಯುವಿನದಲ್ಲದ ಕೋಶವಾಗಿ ಹೋಲಿಸಲು ಹೀಲಾ ಎಂಬ ಗರ್ಭಕಂಠದ ಕ್ಯಾನ್ಸರ್ ಕೋಶ ಸಾಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಹೀಲಾದ ಕೆಲವು ತಳಿಗಳು ಜರಾಯುವಿನ ಆಲ್ಕಲೈನ್ ಫಾಸ್ಫಟೇಸ್ ಕಿಣ್ವವನ್ನೇ ತಯಾರಿಸುತ್ತವೆ.)

ಒಂದು ತದ್ರೂಪಿ ಮಾತ್ರ ಆಸೆ ಹುಟ್ಟಿಸಿತು. ಅದು ಜೆಇಜಿ-3ಕ್ಕೆ ಅಂಟಿತು, ಇನ್ನೊಂದು ಕೋರಿಯೋಕಾರ್ಸಿನೋಮ ತಳಿಯಾದ ಜಾರ್‌ಗೆ ಅಂಟಲಿಲ್ಲ. ಜೆಇಜಿ-3ರಲ್ಲಿರುವ ಎಚ್‌ಎಲ್‌ಎ-ಜಿ ಎಂಬ ಮೇಲ್ಮೈ ಪ್ರೋಟೀನು ಜಾರ್ ಕೋಶಗಳಲ್ಲಿ ಇಲ್ಲವಾದ್ದರಿಂದ ಪ್ರತಿಕಾಯ ಹಿಡಿಯುತ್ತಿರುವುದು ಅದನ್ನೇ ಇರಬೇಕೆಂಬುದು ನನ್ನ ಊಹೆ. ಆದರೆ ಗರ್ಭಕೋಶದ ಗೋಡೆಯೊಳಕ್ಕೆ ನುಗ್ಗುವ ಆರೋಗ್ಯವಂತ ಟ್ರೋಫೋಬ್ಲಾಸ್ಟ್ ಎಂಬ ಜರಾಯು ಕೋಶಗಳೂ ಎಚ್‌ಎಲ್‌ಎ-ಜಿ ಧರಿಸಿರುತ್ತವೆ. ಆದ್ದರಿಂದ ಅಂಥ ಪ್ರತಿಕಾಯ ಕೋಶದ ಕುಲವನ್ನು ಹೇಳೀತೇ ಹೊರತು ಅದು ಕ್ಯಾನ್ಸರೆಂದು ಹೇಳಲಾರದು. ಸಾಮಾನ್ಯ ಜರಾಯುವಿನ ಛೇದಗಳ ಮೇಲೆ ಪರೀಕ್ಷಿಸಿಕೊಡಿ ಎಂದಾಗ, ಅದು ಒಪ್ಪಂದದಲ್ಲಿಲ್ಲ ಎಂಬ ಒಂದು ಸಾಲಿನ ಉತ್ತರ ಬಂತು. ಬರೆಸಿಕೊಳ್ಳದೆ ಹೋದದ್ದು ನಮ್ಮ ತಪ್ಪು ಕೂಡ. ಆದರೆ ಇದೇ ಕಸುಬಿನವರು ಮೊದಲೇ ಕೇಳಬೇಕಿದ್ದ ಪ್ರಶ್ನೆ ಅದು.

ಮೈಕೋಪ್ಲಾಸ್ಮ (ಕೋಶಕೃಷಿಗೆ ತಗಲುವ ಬ್ಯಾಕ್ಟೀರಿಯಾ) ವರದಿ, ಪ್ರತಿಕಾಯದ ಜೀನ್ ಅನುಕ್ರಮ, ಹೆಪ್ಪುಗಟ್ಟಿಸಿದ ಕೋಶಗಳ ಸೀಸೆಗಳು ಎಲ್ಲವೂ ಅಚ್ಚುಕಟ್ಟಾಗಿ ಬಂದವು. ಬೆಸುಗೆಯ ಕೆಲಸವನ್ನು ಮತ್ತೆ ಅವರಿಗೇ ಕೊಡುತ್ತೇನೆ. ಆದರೆ ಗುಳಿಗಳು ಹಳದಿಯಾದೊಡನೆ ಪ್ರತಿಕಾಯವಿರುವ ಮೇಲ್ದ್ರವವನ್ನು ನಮಗೆ ಕಳಿಸಬೇಕು, ಯಾವುದನ್ನು ಉಳಿಸಬೇಕೆಂದು ನಾವೇ ಹೇಳುತ್ತೇವೆ ಎಂಬ ಷರತ್ತಿನ ಮೇಲೆ.