ಪೂರ್ವಗ್ರಹ ಅಳೆಯುವ ಐಎಟಿ: ಸಿಬ್ಬಂದಿ ತರಬೇತಿಗೆ ಎಷ್ಟು ಉಪಯೋಗ?

ಗ್ರಾಹಕರ ಜೊತೆ ನಡೆದುಕೊಳ್ಳುವ ರೀತಿ ಕಲಿಸುವ ತರಬೇತಿಗಳಲ್ಲಿ ಆಗಾಗ ಕಾಣಿಸುವ ಸಾಧನ ಇದು: ಪ್ರಾಜೆಕ್ಟ್ ಇಂಪ್ಲಿಸಿಟ್ ಜಾಲತಾಣದ ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್, ಅಂದರೆ ಐಎಟಿ. ನಮಗೇ ಅರಿವಿಲ್ಲದ ಪೂರ್ವಗ್ರಹವನ್ನು ಕೀ ಒತ್ತುವ ವೇಗದಿಂದ ಅಳೆಯುವ ಪರೀಕ್ಷೆ. 1998ರಿಂದ ಇದೆ, ದುಡ್ಡು ಕೊಡಬೇಕಿಲ್ಲ, ಹತ್ತು ಹದಿನೈದು ನಿಮಿಷ ಸಾಕು. ತಾಣ ಕಟ್ಟಿದ ಮೂವರಲ್ಲಿ ಒಬ್ಬರು ಸಿಕಂದರಾಬಾದ್‌ನಲ್ಲಿ ಬೆಳೆದ ಮಹಜರೀನ್ ಬಾನಾಜಿ.

ಒಟ್ಟು ಏಳು ಸುತ್ತು. ಲಿಂಗ ಮತ್ತು ವೃತ್ತಿಯ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಪರದೆಯ ನಡುವೆ ಒಂದೊಂದೇ ಪದ ಬರುತ್ತದೆ. ಗಂಡಸಿನ ಹೆಸರಿಗೂ ಕಚೇರಿಯ ಪದಕ್ಕೂ ಎಡಗೈ ಕೀ, ಹೆಂಗಸಿನ ಹೆಸರಿಗೂ ಮನೆಯ ಪದಕ್ಕೂ ಬಲಗೈ ಕೀ. ತಪ್ಪೊತ್ತಿದರೆ ಕೆಂಪು ಗುಣಾಕಾರ ಚಿಹ್ನೆ. ಸರಿಪಡಿಸುವ ತನಕ ಮುಂದಕ್ಕೆ ಹೋಗದು. ಆಮೇಲೆ ಜೋಡಿ ಅದಲುಬದಲು. ಬೆರಳು ತಡವರಿಸುವುದು ಹೆಚ್ಚಾಗಿ ಅಲ್ಲೇ. ಎರಡೂ ಜೋಡಣೆಗಳಲ್ಲಿ ತಗುಲಿದ ಸರಾಸರಿ ಸಮಯದ ವ್ಯತ್ಯಾಸವನ್ನು ಆ ವ್ಯಕ್ತಿಯದೇ ವೇಗದ ಏರಿಳಿತದಿಂದ ಭಾಗಿಸಿದರೆ ‘ಡಿ’ ಅಂಕ. 0.15 ದಾಟಿದರೆ ಪೂರ್ವಗ್ರಹ ಅಲ್ಪ, 0.35 ದಾಟಿದರೆ ಮಧ್ಯಮ, 0.65 ದಾಟಿದರೆ ಪ್ರಬಲ. ಗಡಿಬಿಡಿಯಲ್ಲಿ ಒತ್ತುತ್ತಾ ಹೋದರೆ ಲೆಕ್ಕಕ್ಕೇ ಬರುವುದಿಲ್ಲ: ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಉತ್ತರ 300 ಮಿಲಿಸೆಕೆಂಡಿನೊಳಗೆ ಬಂದಿದ್ದರೆ ಆ ಫಲಿತಾಂಶವನ್ನೇ ಕೈಬಿಡುತ್ತಾರೆ.

ಇಷ್ಟು ಅಚ್ಚುಕಟ್ಟಾದ ಯಂತ್ರ ಎಡವುವುದು ಬಳಕೆಯಲ್ಲಿ. ಇಂದು ‘ಮಧ್ಯಮ’ ಬಂದವರಿಗೆ ಮುಂದಿನ ವಾರ ‘ಅಲ್ಪ’ ಬರಬಹುದು. ಯಾವ ಜೋಡಿ ಮೊದಲು ಬಂತು ಎಂಬುದೂ ಅಂಕವನ್ನು ಅಲುಗಾಡಿಸುತ್ತದೆ. ಹಾಗಾಗಿ ನೇಮಕಾತಿಗೋ ಬಡ್ತಿಗೋ ಇದನ್ನು ಬಳಸುವುದು ಶುದ್ಧ ಅನ್ಯಾಯ. ಗುಂಪಿನ ಮುಂದೆ ಅಂಕ ಹೇಳಿಸುವುದಂತೂ ಬೇಡವೇ ಬೇಡ, ಜನ ಸೆಟೆದು ಕೂರುತ್ತಾರೆ. ಇನ್ನು, ಅಂಕ ಇಳಿದರೆ ನಡವಳಿಕೆಯೂ ಬದಲಾಗುತ್ತದೆಂದು ನಂಬುವಂತಿಲ್ಲ. 492 ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಗೆ ಅಂಥ ನಂಟು ಸಿಕ್ಕಲಿಲ್ಲ.

ತರಬೇತಿಗಿಂತ ನಿಯಮ ಹೆಚ್ಚು ಕೆಲಸಕ್ಕೆ ಬರುತ್ತದೆ ಎನ್ನಲು ಒಂದು ಉದಾಹರಣೆ. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಸ್ಟಾರ್‌ಬಕ್ಸ್ ಕಾಫಿ ಮಳಿಗೆಯಲ್ಲಿ, ಏನೂ ಕೊಳ್ಳದೆ ಕಾಯುತ್ತಿದ್ದ ಇಬ್ಬರು ಕಪ್ಪು ವರ್ಣೀಯರನ್ನು ಪೊಲೀಸರು ಬಂಧಿಸಿದರು. ಮೇ 29ರಂದು ಕಂಪನಿ ಅಮೆರಿಕದ 8,000ಕ್ಕೂ ಹೆಚ್ಚು ಮಳಿಗೆಗಳನ್ನು ಮಧ್ಯಾಹ್ನಕ್ಕೆ ಮುಚ್ಚಿ ಪೂರ್ವಗ್ರಹದ ತರಬೇತಿ ಕೊಟ್ಟಿತು. ಸುದ್ದಿಯಾದದ್ದು ಅದು. ಆದರೆ ಕೆಲಸದ್ದು ಅಂತ ಅನ್ನಿಸುವುದು ಅದೇ ತಿಂಗಳು ತಂದ ನಿಯಮ: ಕೊಳ್ಳದವರೂ ಕೂರಬಹುದು, ಶೌಚಾಲಯ ಬಳಸಬಹುದು. ಯಾರು ‘ನಿಜವಾದ’ ಗಿರಾಕಿ ಎಂದು ಮುಖ ನೋಡಿ ಅಳೆಯುವ ಸಂದರ್ಭವೇ ಕಮ್ಮಿಯಾಯಿತು. 2025ರಲ್ಲಿ ಆ ನಿಯಮವನ್ನು ವಾಪಸ್ ತೆಗೆದುಕೊಂಡರು.

ಬಳಸುವುದಾದರೆ ಹೀಗೆ: ಲ್ಯಾಪ್‌ಟಾಪಿನಲ್ಲಿ, ಒಬ್ಬೊಬ್ಬರೇ, ಫಲಿತಾಂಶ ಅವರವರಿಗೇ. ಅರ್ಧ ಗಂಟೆ ಚರ್ಚೆ ಸಾಕು. ಉಳಿದ ಹೊತ್ತು ಕೌಂಟರಿನ ನಿಯಮಗಳಿಗೆ ಕೊಡಿ. ಸರದಿಗೆ ಟೋಕನ್. ಗುರುತಿನ ಚೀಟಿ ಕೇಳಿದರೆ ಎಲ್ಲರಿಗೂ, ಇಲ್ಲವಾದರೆ ಯಾರಿಗೂ ಬೇಡ. ಲುಂಗಿಯವರಿಗೂ ಸೂಟಿನವರಿಗೂ ‘ನೀವು’. ದೂರು ಬಂದಾಗ ‘ವರಸೆ ಸರಿಯಿಲ್ಲ’ ಎಂದು ಬರೆದಿಡದೆ, ಏನು ಕೇಳಿದರು, ಎಷ್ಟು ಹೊತ್ತು ಕಾದರು, ಯಾವ ಉತ್ತರ ಸಿಕ್ಕಿತು ಎಂಬುದನ್ನು ದಾಖಲಿಸಿ.

ಐದಕ್ಕೆ ಮೂರು ನಕ್ಷತ್ರ. ಪುಕ್ಕಟೆ ಅಲ್ಲದಿದ್ದರೆ ಎರಡು.